‘ದುರ್ಬಲ’ ಕಾಡುಕೋಣ: ಅಳಿವಿನ ವರ್ಗಗಳನ್ನು ಕನ್ನಡದಲ್ಲಿ ಬರೆಯುವಾಗ ಎಡವದಿರಲು ಒಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಕಡೆ ಪ್ರವಾಸಿಗರಿಗೆಂದು ಹಾಕುವ ಪ್ರಾಣಿ ಪರಿಚಯದ ಬೋರ್ಡುಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಕಾಡುಕೋಣದ ಬೋರ್ಡಿನಲ್ಲಿ, ಅಳಿಯುವ ಅಪಾಯ ಎಷ್ಟು ಅಂತ ಹೇಳುವ ಜಾಗದಲ್ಲಿ, ಇಂಗ್ಲಿಷಿನ ‘ವಲ್ನರಬಲ್’ ಎಂಬ ಪದ ಇತ್ತು. ನಿಘಂಟು ತೆಗೆದೆ, ‘ದುರ್ಬಲ’ ಅಂತ ಹಾಕಿದೆ, ಕೈ ತೊಳೆದುಕೊಂಡೆ. ಬೋರ್ಡು ನಿಂತ ದಿನ ಅದನ್ನು ಮೊದಲು ಓದಿದವರು ನಮ್ಮ ಜೀಪಿನ ಡ್ರೈವರ್. ‘ಏನ್ ಸಾರ್ ಇದು, ಹೋದ ತಿಂಗಳು ನನ್ ಜೀಪಿನ ಬಾಗಿಲು ನೆಗ್ಗಿಸಿದ್ದು ದುರ್ಬಲ ಪ್ರಾಣಿನಾ?’ ಅಂದರು. ಸುತ್ತ ನಿಂತವರೆಲ್ಲ ನಕ್ಕರು. ಸಾವಿರ ಕಿಲೋ ತೂಗಬಲ್ಲ ಗಂಡು ಕೋಣದ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ದುರ್ಬಲ’. ನಗದೆ ಇನ್ನೇನು ಮಾಡಿಯಾರು?

ಆ ಅವಮಾನದ ನಂತರ ನನಗಾಗಿ ಒಂದಷ್ಟು ನಿಯಮ ಮಾಡಿಕೊಂಡೆ. ಪತ್ರಿಕೆಗೆ ಬರೆಯುವವರು, ಶಾಲೆಯ ಪ್ರಾಜೆಕ್ಟಿಗೆ ಸಹಾಯ ಮಾಡುವ ಮೇಷ್ಟ್ರು, ವಿಕಿಪೀಡಿಯದಲ್ಲಿ ಲೇಖನ ಹಾಕುವವರು, ಬೋರ್ಡು ಬರೆಸುವವರು, ಎಲ್ಲರಿಗೂ ಉಪಯೋಗ ಆದೀತು ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ತೊಡಕು ಎಲ್ಲಿದೆ ನೋಡೋಣ

ಇಂಗ್ಲಿಷಿನಲ್ಲಿ ಇದಕ್ಕೊಂದು ಸುಲಭದ ದಾರಿ ಇದೆ. ಐಯುಸಿಎನ್ ಅಂದರೆ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ, ಯಾವ ಜೀವಿ ಅಳಿಯುವ ಅಪಾಯ ಎಷ್ಟು ಅಂತ ವರ್ಗ ಮಾಡಿದ ಅದರ ಪಟ್ಟಿಯೇ ಕೆಂಪು ಪಟ್ಟಿ. ಆ ಪಟ್ಟಿಯ ವರ್ಗಗಳ ಹೆಸರನ್ನು ಇಂಗ್ಲಿಷಿನವರು ದೊಡ್ಡಕ್ಷರದಿಂದ ಶುರು ಮಾಡುತ್ತಾರೆ. ‘ಎಂಡೇಂಜರ್ಡ್’ ಪದದ ಮೊದಲಕ್ಷರ ದೊಡ್ಡದಾಗಿದ್ದರೆ ಅದು ಅಳತೆ ಹಾಕಿ ಕೊಟ್ಟ ವರ್ಗ. ಚಿಕ್ಕದಾಗಿದ್ದರೆ ‘ಪಾಪ, ಕಷ್ಟದಲ್ಲಿದೆ’ ಎಂಬ ಸಾಮಾನ್ಯ ಮಾತು. ಒಂದು ಅಕ್ಷರದ ಗಾತ್ರದಲ್ಲೇ ಕೆಲಸ ಮುಗಿಯುತ್ತದೆ.

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲ. ಹಾಗಾಗಿ ‘ಅಳಿವಿನಂಚಿನಲ್ಲಿರುವ’ ಎಂದು ಬರೆದಾಗ ಅದು ವರ್ಗವೋ ಬೇಸರದ ಮಾತೋ ಓದುಗರಿಗೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಗರಡಿಮನೆಯೂ ಅಳಿವಿನಂಚಿನಲ್ಲಿದೆ, ಯಕ್ಷಗಾನದ ಹಳೇ ಮಟ್ಟೂ ಅಳಿವಿನಂಚಿನಲ್ಲಿದೆ, ಹುಲಿಯೂ ಅಳಿವಿನಂಚಿನಲ್ಲಿದೆ. ಪ್ರತಿ ಮಾರ್ಚ್ 20ಕ್ಕೆ ಗುಬ್ಬಚ್ಚಿಯೂ ಅದೇ ಸಾಲಿಗೆ ಸೇರುತ್ತದೆ. ಆದರೆ ಗುಬ್ಬಚ್ಚಿ ಕೆಂಪು ಪಟ್ಟಿಯಲ್ಲಿ ಇರುವುದು ಎಲ್ಲಕ್ಕಿಂತ ಕೆಳಗಿನ, ಸದ್ಯಕ್ಕೆ ಆತಂಕವಿಲ್ಲದ ವರ್ಗದಲ್ಲಿ. ನಿಮ್ಮ ಬೀದಿಯಲ್ಲಿ ಗುಬ್ಬಚ್ಚಿ ಕಾಣದಿರುವುದು ನಿಜ ಇರಬಹುದು. ಅದನ್ನು ಹಾಗೇ ಬರೆಯಿರಿ. ಅದಕ್ಕೆ ವರ್ಗದ ಪದವನ್ನು ಎಳೆದು ತರಬೇಡಿ.

ಹಂತ 1: ಯಾವ ಪ್ರಭೇದ ಅಂತ ಗಟ್ಟಿ ಮಾಡಿಕೊಳ್ಳಿ

‘ರಣಹದ್ದು ಅಳಿವಿನಂಚಿನಲ್ಲಿದೆ’ ಎಂದು ಬರೆದರೆ ನಾನು ಕೇಳುವ ಮೊದಲ ಪ್ರಶ್ನೆ: ಯಾವ ರಣಹದ್ದು? ಭಾರತದಲ್ಲಿ ಒಂಬತ್ತು ಬಗೆಯ ರಣಹದ್ದುಗಳಿವೆ. ರಾಮನಗರದ ಬೆಟ್ಟದಲ್ಲಿರುವ ಉದ್ದಕೊಕ್ಕಿನದೂ ಸೇರಿದಂತೆ ನಾಲ್ಕು ಪ್ರಭೇದಗಳು ಅಪಾಯದ ತುತ್ತತುದಿಯ ವರ್ಗದಲ್ಲಿವೆ. ಈಜಿಪ್ಟಿನ ಹೆಸರು ಹೊತ್ತ ಬಿಳಿ ರಣಹದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಯುರೇಷಿಯದಿಂದ ಚಳಿಗಾಲಕ್ಕೆ ಬರುವ ಗ್ರಿಫನ್ ರಣಹದ್ದಿಗೆ ಸದ್ಯ ಆತಂಕವೇ ಇಲ್ಲ. ಒಂದೇ ಹೆಸರಿನ ಒಳಗೆ ಇಷ್ಟು ದೂರ ಇದೆ.

ಪ್ರಭೇದ ಗಟ್ಟಿಯಾಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕಾವೇರಿಯ ಗೂನುಬೆನ್ನಿನ ಮಶೀರ್ ಮೀನೇ ಸಾಕ್ಷಿ. ಗಾಳ ಹಾಕುವವರ ಪಾಲಿಗೆ ಜಗತ್ಪ್ರಸಿದ್ಧ ಮೀನು. ಆದರೆ ಅದಕ್ಕೆ ಒಪ್ಪಿತವಾದ ವೈಜ್ಞಾನಿಕ ಹೆಸರು ಯಾವುದೆಂದು ತೀರ್ಮಾನ ಆಗಿರಲಿಲ್ಲ. ಹೆಸರಿಲ್ಲದ್ದನ್ನು ಪಟ್ಟಿಗೆ ಸೇರಿಸುವುದು ಹೇಗೆ? 2018ರಲ್ಲಿ ಅದು ‘ಟಾರ್ ರೆಮಾದೇವಿ’ ಎಂದು ಗುರುತಾಯಿತು. ಅದೇ ವರ್ಷ ಸೀದಾ ಅಪಾಯದ ತುತ್ತತುದಿಯ ವರ್ಗಕ್ಕೆ ಸೇರಿತು.

ಇನ್ನೊಂದು ಸಣ್ಣ ಮಾತು. ‘ಅಳಿವಿನಂಚಿನ ತಳಿ’ ಎಂದು ಬರೆಯಬೇಡಿ. ಅಮೃತಮಹಲ್ ಒಂದು ತಳಿ, ಮಂಡ್ಯದ ಬಂಡೂರು ಕುರಿ ಒಂದು ತಳಿ. ತಳಿ ಅಂದರೆ ಮನುಷ್ಯ ಸಾಕಿ ಬೆಳೆಸಿದ್ದು. ಕಾಡಿನ ಪ್ರಾಣಿಗೆ ‘ಪ್ರಭೇದ’ ಸರಿ. ಅದರೊಳಗಿನ ಭಾಗಕ್ಕೆ ‘ಉಪಪ್ರಭೇದ’.

ಹಂತ 2: ಯಾವ ಪಟ್ಟಿ ಅಂತ ಹೇಳಿ

ವರ್ಗದ ಹೆಸರು ಒಂಟಿಯಾಗಿ ನಿಲ್ಲಬಾರದು. ಅದರ ಪಕ್ಕದಲ್ಲೇ ಪಟ್ಟಿಯ ಹೆಸರು ಇರಬೇಕು. ನಮಗೆ ಜಾಸ್ತಿ ಎದುರಾಗುವುದು ಮೂರು.

ಐಯುಸಿಎನ್ ಕೆಂಪು ಪಟ್ಟಿ 1964ರಿಂದ ಇದೆ. ಇದು ಅಳಿಯುವ ಸಾಧ್ಯತೆ ಎಷ್ಟು ಅಂತ ಅಳೆಯುತ್ತದೆ, ಅಷ್ಟೇ. ಇದಕ್ಕೆ ಕಾನೂನಿನ ಬಲ ಇಲ್ಲ. ಎರಡನೆಯದು ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳು. 2022ರ ತಿದ್ದುಪಡಿ ಬಂದ ಮೇಲೆ ಆರು ಅನುಸೂಚಿಗಳು ನಾಲ್ಕಾದವು. ಹೊಸ ವ್ಯವಸ್ಥೆ ಜಾರಿಗೆ ಬಂದಿದ್ದು 2023ರ ಏಪ್ರಿಲ್ 1ರಿಂದ. ಹಳೇ ಪುಸ್ತಕ ನೋಡಿ ‘ಅನುಸೂಚಿ 5ರಲ್ಲಿದೆ’ ಎಂದು ಬರೆಯುವವರು ಈಗಲೂ ಇದ್ದಾರೆ. ಆ ಅನುಸೂಚಿಯೇ ಈಗ ಇಲ್ಲ. ಮೂರನೆಯದು ಸೈಟ್ಸ್ ಒಪ್ಪಂದದ ಅನುಬಂಧಗಳು. ಅದು ಕಾಡಿನ ಪ್ರಾಣಿ, ಗಿಡಗಳನ್ನು ಕುರಿತ ದೇಶದೇಶಗಳ ನಡುವಿನ ವ್ಯಾಪಾರಕ್ಕೆ ಸಂಬಂಧಿಸಿದ್ದು.

ಇವನ್ನು ಬೆರೆಸಿದರೆ ಎಡವಟ್ಟು ಖಚಿತ. ರಾಣೆಬೆನ್ನೂರಿನ ಕೃಷ್ಣಮೃಗವನ್ನೇ ನೋಡಿ. ಕೆಂಪು ಪಟ್ಟಿಯಲ್ಲಿ ಅದಕ್ಕೆ ಆತಂಕವಿಲ್ಲ. ಆದರೆ ನಮ್ಮ ಕಾಯ್ದೆಯಲ್ಲಿ ಅದು ಅನುಸೂಚಿ 1ರಲ್ಲಿದೆ, ಅಂದರೆ ಅತಿ ಹೆಚ್ಚಿನ ರಕ್ಷಣೆ. ನವಿಲಿನದೂ ಇದೇ ಕತೆ. ‘ಕೆಂಪು ಪಟ್ಟಿಯಲ್ಲಿ ಕೆಳಗಿದೆ, ಹೊಡೆದರೆ ಕೇಸಿಲ್ಲ’ ಎಂದು ಯಾರಾದರೂ ಅರ್ಥ ಮಾಡಿಕೊಂಡರೆ ಜೈಲಿಗೆ ಹೋಗುತ್ತಾರೆ. ತಪ್ಪು ಬರೆದ ನಮಗೆ ಏನೂ ಆಗುವುದಿಲ್ಲ, ಅದೇ ಬೇಜಾರು.

ಕ್ರಿಯಾಪದದಲ್ಲೂ ಎಚ್ಚರ ಬೇಕು. ಐಯುಸಿಎನ್ ‘ಘೋಷಿಸುವುದಿಲ್ಲ’, ‘ರಕ್ಷಣೆ ಕೊಡುವುದಿಲ್ಲ’, ‘ನಿಷೇಧಿಸುವುದಿಲ್ಲ’. ಅದು ಪರಿಶೀಲಿಸಿ ವರ್ಗಕ್ಕೆ ಸೇರಿಸುತ್ತದೆ. ಘೋಷಿಸುವುದು, ಅಧಿಸೂಚನೆ ಹೊರಡಿಸುವುದು ಸರ್ಕಾರದ ಕೆಲಸ.

ಹಂತ 3: ಒಂದು ಪದಪಟ್ಟಿ ಮಾಡಿಕೊಳ್ಳಿ, ಅದನ್ನು ಬಿಡಬೇಡಿ

ಕೆಂಪು ಪಟ್ಟಿಯಲ್ಲಿ ಒಂಬತ್ತು ವರ್ಗಗಳಿವೆ. ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದೇ ಪದಪಟ್ಟಿ ಬಳಕೆಯಲ್ಲಿಲ್ಲ. ನಾನು ಬಳಸುವುದು ಇದು:

- ಅಳಿದುಹೋದ
- ನಿಸರ್ಗದಲ್ಲಿ ಅಳಿದ. ಮೃಗಾಲಯದಲ್ಲೋ ತೋಟದಲ್ಲೋ ಮಾತ್ರ ಉಳಿದಿರುವುದು.
- ತೀವ್ರ ಅಳಿವಿನಂಚಿನ
- ಅಳಿವಿನಂಚಿನ
- ಅಳಿವಿನ ಹಾದಿಯ. ನನ್ನ ‘ದುರ್ಬಲ’ದ ಜಾಗಕ್ಕೆ ಬಂದ ಪದ ಇದು.
- ಅಪಾಯದ ಹತ್ತಿರದ
- ಸದ್ಯ ಆತಂಕವಿಲ್ಲದ
- ಮಾಹಿತಿ ಸಾಲದ
- ಪರಿಶೀಲನೆಯಾಗದ

ನಡುವಿನ ಮೂರು ಪದಗಳನ್ನು ಗಮನಿಸಿ. ಹಾದಿ, ಅಂಚು, ತೀವ್ರ ಅಂಚು. ಯಾವುದು ಯಾವುದಕ್ಕಿಂತ ಗಂಭೀರ ಅಂತ ಬಿಡಿಸಿ ಹೇಳಬೇಕಿಲ್ಲ, ಪದವೇ ಹೇಳುತ್ತದೆ. ಕಾಡುಕೋಣ, ಕರಡಿ, ಚಿರತೆ ಹಾದಿಯಲ್ಲಿವೆ. ಹುಲಿ, ಆನೆ, ಸೀಳುನಾಯಿ, ಸಿಂಗಳೀಕ ಅಂಚಿನಲ್ಲಿವೆ. ಬಳ್ಳಾರಿ ಸೀಮೆಯ ಎರೆಭೂತ ಹಕ್ಕಿ ತೀವ್ರ ಅಂಚಿನಲ್ಲಿದೆ. ಈ ಮೂರಕ್ಕೂ ಸೇರಿಸಿ ಹೇಳಬೇಕಾದಾಗ ನಾನು ‘ಅಪಾಯದಲ್ಲಿರುವ ಪ್ರಭೇದಗಳು’ ಎನ್ನುತ್ತೇನೆ. ಅದು ಕೊಡೆಯಂಥ ಪದ. ಕೊಡೆಯ ಕೆಳಗೆ ಈ ಮೂರೇ ವರ್ಗ ನಿಲ್ಲಬೇಕು. ‘ಅಪಾಯದ ಹತ್ತಿರದ’ ವರ್ಗ ಹೊರಗೇ ಇರುತ್ತದೆ.

‘ಕನಿಷ್ಠ ಕಾಳಜಿ’ ಎಂಬ ಅನುವಾದ ಎಲ್ಲೆಲ್ಲೂ ಓಡಾಡುತ್ತಿದೆ. ‘ನವಿಲು ಕನಿಷ್ಠ ಕಾಳಜಿಯ ಹಕ್ಕಿ’ ಎಂದು ಓದಿದರೆ ರಾಷ್ಟ್ರಪಕ್ಷಿಯನ್ನು ಯಾರೂ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ಅನಿಸುವುದಿಲ್ವಾ? ಕಂಪ್ಯೂಟರ್ ಅನುವಾದದ ಕೊಡುಗೆ ಇದು. ‘ಮಾಹಿತಿ ಸಾಲದ’ ಅನ್ನುವುದನ್ನು ‘ಅಪರೂಪದ’ ಎಂದು ತಿರುಗಿಸುವುದೂ ತಪ್ಪು. ಗೊತ್ತಿಲ್ಲ ಅನ್ನುವುದು ಬೇರೆ, ಕಡಿಮೆ ಇದೆ ಅನ್ನುವುದು ಬೇರೆ. ‘ಅಪರೂಪ’ ಎಂಬ ವರ್ಗ ಹಿಂದೆ ಇತ್ತು. 1994ರಲ್ಲಿ ಹೊಸ ಅಳತೆಗಳು ಬಂದಾಗ ಅದನ್ನು ಕೈಬಿಟ್ಟರು.

ನನ್ನ ಪದಗಳು ನಿಮಗೆ ಹಿಡಿಸದಿದ್ದರೆ ಬೇರೆ ಮಾಡಿಕೊಳ್ಳಿ, ಜಗಳ ಇಲ್ಲ. ಆದರೆ ಒಂದು ಬರಹದಲ್ಲಿ ಒಂದು ವರ್ಗಕ್ಕೆ ಒಂದೇ ಪದ ಇರಲಿ. ಶಾಲೆಯಲ್ಲಿ ‘ಒಂದೇ ಪದ ಮತ್ತೆ ಮತ್ತೆ ಬಳಸಬೇಡ’ ಅಂತ ಹೇಳಿಕೊಟ್ಟಿರುತ್ತಾರೆ. ಇಲ್ಲಿ ಅದು ಉಲ್ಟಾ. ಮೊದಲ ಸಾಲಲ್ಲಿ ‘ಅಳಿವಿನಂಚಿನ’, ಮೂರನೇ ಸಾಲಲ್ಲಿ ‘ವಿನಾಶದಂಚಿನ’, ಕೊನೆಗೆ ‘ನಶಿಸುತ್ತಿರುವ’ ಎಂದರೆ ಓದುಗರು ಮೂರು ವರ್ಗ ಅಂದುಕೊಳ್ಳುತ್ತಾರೆ.

ಹಂತ 4: ದೊಡ್ಡಕ್ಷರದ ಬದಲು ‘ವರ್ಗ’

ನಾನು ಕಂಡುಕೊಂಡ ಉಪಾಯ ಸುಲಭದ್ದು. ಅಧಿಕೃತ ಅರ್ಥದಲ್ಲಿ ಬರೆಯುವಾಗ ಪದವನ್ನು ಒಂಟಿ ಉದ್ಧರಣ ಚಿಹ್ನೆಯಲ್ಲಿ ಹಾಕಿ, ಮುಂದೆ ‘ವರ್ಗ’ ಸೇರಿಸುತ್ತೇನೆ: ‘ಅಳಿವಿನ ಹಾದಿಯ’ ವರ್ಗದಲ್ಲಿದೆ. ಚಿಹ್ನೆ ಬೋರ್ಡಿನಲ್ಲಿ, ವಾಟ್ಸಾಪಿನಲ್ಲಿ ಉದುರಿಹೋಗಬಹುದು. ‘ವರ್ಗ’ ಎಂಬ ಪದ ಉದುರುವುದಿಲ್ಲ. ರೇಡಿಯೋದಲ್ಲಿ ಓದಿದರೂ ಕಿವಿಗೆ ಬೀಳುತ್ತದೆ. ಈ ಲೆಕ್ಕದಲ್ಲಿ ಇಂಗ್ಲಿಷಿನ ದೊಡ್ಡಕ್ಷರಕ್ಕಿಂತ ನಮ್ಮದೇ ವಾಸಿ.

ಇದರ ಇನ್ನೊಂದು ಮುಖ: ಅಧಿಕೃತ ಅರ್ಥ ಇಲ್ಲದ ಕಡೆ ಪಟ್ಟಿಯ ಪದಗಳನ್ನು ಮುಟ್ಟಲೇಬೇಡಿ. ‘ಕಡಿಮೆಯಾಗುತ್ತಿವೆ’, ‘ಈಚೆಗೆ ಕಾಣುತ್ತಿಲ್ಲ’, ‘ನಮ್ಮೂರ ಕೆರೆಯಲ್ಲಿ ಈಗ ಇಲ್ಲ’ ಅಂತ ಬರೆಯಲು ಕನ್ನಡದಲ್ಲಿ ಪದಗಳಿಗೇನೂ ಬರ ಇಲ್ಲ. ‘ಅತ್ಯಂತ ಅಳಿವಿನಂಚಿನ’ ಎಂದೂ ಬೇಡ. ವರ್ಗಕ್ಕೆ ‘ಅತ್ಯಂತ’ ಅಂಟಿಸಿದರೆ ಇಲ್ಲದ ಹತ್ತನೇ ವರ್ಗ ಹುಟ್ಟುತ್ತದೆ.

ಹಂತ 5: ಎಲ್ಲಿ, ಯಾವಾಗ

ವರ್ಗಗಳು ಬದಲಾಗುತ್ತವೆ. ದೈತ್ಯ ಪಾಂಡಾ 2016ರಲ್ಲಿ, ಹಿಮಚಿರತೆ 2017ರಲ್ಲಿ ‘ಅಳಿವಿನಂಚಿನ’ ವರ್ಗದಿಂದ ‘ಅಳಿವಿನ ಹಾದಿಯ’ ವರ್ಗಕ್ಕೆ ಬಂದವು. ಇಂಥ ಬದಲಾವಣೆಗೆ ಪತ್ರಿಕೆಗಳು ‘ಬಡ್ತಿ’, ‘ಹಿಂಬಡ್ತಿ’ ಎಂದು ಬರೆಯುವುದುಂಟು. ಯಾರಿಗೆ ಬಡ್ತಿ, ಪ್ರಾಣಿಗೋ ಅಪಾಯಕ್ಕೋ? ಆ ಪದ ಬಿಟ್ಟು ‘ಇದರಿಂದ ಅದಕ್ಕೆ’ ಎಂದು ಎರಡೂ ವರ್ಗ ಹೇಳಿ, ವರ್ಷ ಸೇರಿಸಿ.

ಜಾಗ ಹೇಳದಿದ್ದರೂ ಅನರ್ಥವೇ. ಚೀತಾ ಭಾರತದಲ್ಲಿ ಅಳಿದುಹೋಗಿದೆ ಎಂದು 1952ರಲ್ಲಿ ಘೋಷಣೆಯಾಯಿತು. ಇಡೀ ಪ್ರಭೇದ ಜಗತ್ತಿನ ಲೆಕ್ಕದಲ್ಲಿ ‘ಅಳಿವಿನ ಹಾದಿಯ’ ವರ್ಗದಲ್ಲಿದೆ. ಇರಾನಿನಲ್ಲಿ ಉಳಿದಿರುವ ಏಷ್ಯಾದ ಉಪಪ್ರಭೇದ ‘ತೀವ್ರ ಅಳಿವಿನಂಚಿನ’ ವರ್ಗದಲ್ಲಿದೆ. ಮಧ್ಯಪ್ರದೇಶದ ಕುನೋಗೆ 2022ರ ಸೆಪ್ಟೆಂಬರಿನಲ್ಲಿ ಬಂದವು ನಮೀಬಿಯದ ಚೀತಾಗಳು. ‘ಅಳಿದುಹೋದ ಚೀತಾ ಮತ್ತೆ ಬಂತು’ ಎಂಬ ತಲೆಬರಹ ಓದಲು ಚೆಂದ. ಆದರೆ ಅಳಿದುಹೋದದ್ದು ಯಾವ ದೇಶದಲ್ಲಿ, ಬಂದದ್ದು ಯಾವುದು, ಎರಡೂ ಅದರಲ್ಲಿ ಕಲಸಿಹೋಗಿವೆ.

ಆಸ್ಟ್ರೇಲಿಯದ ಕೊವಾಲಾ ಇದಕ್ಕಿಂತಲೂ ಒಳ್ಳೆಯ ಪಾಠ. ಅಲ್ಲಿನ 1999ರ ರಾಷ್ಟ್ರೀಯ ಪರಿಸರ ಕಾಯ್ದೆಯಡಿ 2022ರ ಫೆಬ್ರವರಿಯಲ್ಲಿ ಅದನ್ನು ‘ಅಳಿವಿನಂಚಿನ’ ವರ್ಗಕ್ಕೆ ಸೇರಿಸಿದರು. ಅದೂ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ರಾಜಧಾನಿ ಪ್ರದೇಶದ ಕೊವಾಲಾಗಳನ್ನು ಮಾತ್ರ. ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯದ ಕೊವಾಲಾಗಳಿಗೆ ಅದು ಅನ್ವಯ ಆಗಲಿಲ್ಲ. ಐಯುಸಿಎನ್ ಪಟ್ಟಿಯಲ್ಲಿ ಇಡೀ ಪ್ರಭೇದ ‘ಅಳಿವಿನ ಹಾದಿಯ’ ವರ್ಗದಲ್ಲಿತ್ತು. ಒಂದೇ ಪ್ರಾಣಿ, ಎರಡು ಪಟ್ಟಿ, ಎರಡು ಉತ್ತರ. ಎರಡೂ ಸರಿ.

ಹಂತ 6: ಅಂಕಿಗಳ ಬಗ್ಗೆ

ವರ್ಗ ಅಂದರೆ ತಲೆ ಎಣಿಕೆ ಅಲ್ಲ. ಐದು ಬಗೆಯ ಮಾನದಂಡಗಳಿವೆ, ಇಂಗ್ಲಿಷಿನ ಎ ಇಂದ ಇ ವರೆಗೆ. ಅವುಗಳಲ್ಲಿ ಒಂದಕ್ಕೆ ಹೊಂದಿದರೂ ಸಾಕು. ಸಂತಾನ ಹುಟ್ಟಿಸಬಲ್ಲ ಜೀವಿಗಳು 50ಕ್ಕಿಂತ ಕಡಿಮೆ ಉಳಿದಿದ್ದರೆ ‘ತೀವ್ರ ಅಳಿವಿನಂಚಿನ’ ವರ್ಗ. ಹಾಗೆಯೇ ಸಾವಿರಾರು ಇದ್ದೂ ಹತ್ತು ವರ್ಷ ಅಥವಾ ಮೂರು ತಲೆಮಾರಿನಲ್ಲಿ, ಯಾವುದು ಉದ್ದವೋ ಅಷ್ಟರಲ್ಲಿ, ಶೇ 80ರಷ್ಟು ಕುಸಿದು, ಆ ಕುಸಿತ ನಿಂತಿರದಿದ್ದರೂ ಅದೇ ವರ್ಗ. ರಣಹದ್ದುಗಳ ಕತೆ ಇದೇ ಅಲ್ವಾ? ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಆ ದನದ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. ಭಾರತ 2006ರಲ್ಲಿ ಅದರ ಪಶುಬಳಕೆ ನಿಷೇಧಿಸಿತು. ಅಷ್ಟರೊಳಗೆ ಆಕಾಶ ಖಾಲಿಯಾಗಿತ್ತು. ಆದ್ದರಿಂದ ‘ಕೆಲವೇ ಉಳಿದಿರುವುದರಿಂದ ಈ ವರ್ಗಕ್ಕೆ ಸೇರಿಸಿದ್ದಾರೆ’ ಎಂದು ಕಾರಣ ಊಹಿಸಿ ಬರೆಯಬೇಡಿ. ಪಟ್ಟಿಯಲ್ಲೇ ಕಾರಣ ಇರುತ್ತದೆ, ನೋಡಿ ಬರೆಯಿರಿ.

ಇನ್ನು ವರ್ಗ ಮತ್ತು ಮಾನದಂಡವನ್ನು ಚಿಕ್ಕದಾಗಿ ಹೇಳುವ ‘ವಿಯು ಎ2ಸಿಡಿ’ ಥರದ ಸಂಕೇತಗಳು. ಅವುಗಳಿಗೆ ಕೋಷ್ಟಕವೇ ಜಾಗ. ವಾಕ್ಯದ ನಡುವೆ ಬಂದರೆ ಬಸ್ಸಿನ ನಂಬರ್ ಥರ ಕಾಣುತ್ತವೆ.

ಹಂತ 7: ಜೀವಿ ಸಮುದಾಯಗಳು

ಒಂದು ಪ್ರಾಣಿ, ಒಂದು ಗಿಡ ಅನ್ನದೆ, ಒಂದು ಜಾಗದಲ್ಲಿ ಒಟ್ಟಿಗೆ ಬಾಳುವ ಇಡೀ ಗುಂಪನ್ನೇ ಪಟ್ಟಿ ಮಾಡುವುದುಂಟು. ಆಸ್ಟ್ರೇಲಿಯದ ಕಾಯ್ದೆ ಇದಕ್ಕೆ ಹೆಸರಾದದ್ದು. ಈ ಗುಂಪಿಗೆ ಕೆಲವರು ‘ಪರಿಸರ ಸಮುದಾಯ’ ಎನ್ನುತ್ತಾರೆ. ಅದು ನನಗೆ ಭಾನುವಾರ ಬೆಳಗ್ಗೆ ಗಿಡ ನೆಡುವವರ ಸಂಘದಂತೆ ಕೇಳಿಸುತ್ತದೆ. ‘ಜೀವಿ ಸಮುದಾಯ’ ಸಾಕು.

ಇಲ್ಲಿ ಮೂರು ಸಂಗತಿ ಬೇರೆ. ಒಂದು, ಆಸ್ಟ್ರೇಲಿಯದ ಆ ಕಾಯ್ದೆಯಲ್ಲಿ ಸಮುದಾಯಗಳಿಗೆ ಇರುವುದು ಮೂರೇ ವರ್ಗ: ಹಾದಿ, ಅಂಚು, ತೀವ್ರ ಅಂಚು. ಪ್ರಭೇದಗಳಿಗೆ ಇರುವ ‘ಅಳಿದುಹೋದ’ ಇಲ್ಲಿಲ್ಲ. ಐಯುಸಿಎನ್‌ನ ಪರಿಸರ ವ್ಯವಸ್ಥೆಗಳ ಕೆಂಪು ಪಟ್ಟಿ ಬೇರೆಯೇ ಇದೆ. ಅಲ್ಲಿ ಕೊನೆಯ ಮೆಟ್ಟಿಲಿಗೆ ‘ಅಳಿದ’ ಎನ್ನುವುದಿಲ್ಲ, ‘ಕುಸಿದ’ ಎನ್ನುತ್ತಾರೆ. ಕಾಡೊಂದು ಗುಬ್ಬಿಯ ಹಾಗೆ ಸಾಯುವುದಿಲ್ಲ, ರೂಪ ಕೆಟ್ಟು ಇನ್ನೇನೋ ಆಗುತ್ತದೆ. ಮಧ್ಯ ಏಷ್ಯಾದ ಅರಾಲ್ ಸಮುದ್ರ ಇದರ ಪ್ರಸಿದ್ಧ ಉದಾಹರಣೆ. ಹಾಗಾಗಿ ‘ಅರಾಲ್ ಸಮುದ್ರ ಅಳಿದುಹೋಯಿತು’ ಎನ್ನದೆ ‘ಕುಸಿದ ಪರಿಸರ ವ್ಯವಸ್ಥೆ’ ಎನ್ನಿ.

ಎರಡು, ಹೆಸರಿನ ಉದ್ದ. ಪೂರ್ವ ಆಸ್ಟ್ರೇಲಿಯದ ಒಂದು ‘ತೀವ್ರ ಅಳಿವಿನಂಚಿನ’ ಸಮುದಾಯದ ಹೆಸರು ಮೂರು ಮರಗಳಿಂದ ಶುರುವಾಗುತ್ತದೆ: ವೈಟ್ ಬಾಕ್ಸ್, ಯೆಲ್ಲೋ ಬಾಕ್ಸ್, ಬ್ಲೇಕ್ಲೀಸ್ ರೆಡ್ ಗಮ್. ಮೂರೂ ನೀಲಗಿರಿ ಮರದ ಬಳಗದವು. ಇದನ್ನು ‘ಬಿಳಿ ಪೆಟ್ಟಿಗೆ, ಹಳದಿ ಪೆಟ್ಟಿಗೆ’ ಎಂದು ಅನುವಾದಿಸಿದರೆ ಮುಗೀತು ಕತೆ. ಮರದ ಹೆಸರು ಹಾಗೇ ಬಿಡಿ, ‘ಹುಲ್ಲುಗಾಡು’ ಎಂಬ ಭಾಗವನ್ನು ಮಾತ್ರ ಕನ್ನಡ ಮಾಡಿ. ಪೂರ್ತಿ ಹೆಸರು ಒಮ್ಮೆ ಕೊಟ್ಟು, ಮುಂದೆ ‘ಬಾಕ್ಸ್-ಗಮ್ ಹುಲ್ಲುಗಾಡು’ ಎಂದರೆ ಸಾಕು.

ಮೂರು, ಸಮುದಾಯದ ವರ್ಗ ಅದರೊಳಗಿನ ಪ್ರತಿ ಜೀವಿಗೂ ಇಳಿಯುವುದಿಲ್ಲ. ಆಸ್ಟ್ರೇಲಿಯದ ಆಗ್ನೇಯ ಕರಾವಳಿಯ ದೈತ್ಯ ಕೆಲ್ಪ್ ಕಡಲಕಾಡನ್ನು 2012ರಲ್ಲಿ ‘ಅಳಿವಿನಂಚಿನ’ ವರ್ಗಕ್ಕೆ ಸೇರಿಸಿದರು. ಸೇರಿದ್ದು ಆ ಕಾಡು. ಕೆಲ್ಪ್ ಎಂಬ ಕಡಲಪಾಚಿ ಅಲ್ಲ. ಅದು ಅಮೆರಿಕದ ಕರಾವಳಿಯಲ್ಲೂ ಬೆಳೆಯುತ್ತದೆ.

ನಮ್ಮಲ್ಲಿ? ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯ ಬಗ್ಗೆ ಬರೆಯುವಾಗ ಕೈ ತಾನಾಗಿ ‘ಅಳಿವಿನಂಚಿನ ಸಮುದಾಯ’ ಎಂದು ಬರೆಯುತ್ತದೆ. ವರ್ಷವಿಡೀ ನೀರು ನಿಲ್ಲುವ ನೆಲ, ಉಸಿರಾಡಲು ಮಂಡಿ ಮಡಚಿ ಮೇಲೆದ್ದ ಬೇರುಗಳು. ನೋಡಿದವರು ಮರೆಯುವುದಿಲ್ಲ. ಆದರೆ ನಮ್ಮ ವನ್ಯಜೀವಿ ಕಾಯ್ದೆಯ ಅನುಸೂಚಿಗಳಲ್ಲಿ ಪ್ರಭೇದಗಳಿವೆ, ಸಮುದಾಯಗಳಿಲ್ಲ. ನಮ್ಮ ಕಾನೂನು ಕಾಯುವುದು ಪ್ರಭೇದವನ್ನು ಅಥವಾ ಜಾಗವನ್ನು. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಆದದ್ದು ಜಾಗದ ಲೆಕ್ಕದಲ್ಲಿ. ಹಾಗಾಗಿ ಜಡ್ಡಿಯ ಬಗ್ಗೆ ಬರೆಯುವಾಗ ಇಲ್ಲದ ವರ್ಗ ಅಂಟಿಸದೆ, ಏನು ಆಗುತ್ತಿದೆ ಅಂತ ಬರೆಯಿರಿ: ತೋಟಕ್ಕೆ ನೀರು ತಿರುಗಿತು, ಜಡ್ಡಿ ಗದ್ದೆಯಾಯಿತು. ಕಾನು, ಜಡ್ಡಿ, ಶೋಲಾ, ಎರೆಬಯಲು, ಕುರುಚಲು ಕಾಡು ಎಂಬ ಊರಿನ ಹೆಸರುಗಳನ್ನೂ ಬಿಡಬೇಡಿ. ‘ಸಿಹಿನೀರಿನ ಜೌಗು ಅರಣ್ಯ’ ಎಂದರೆ ಅಲ್ಲಿಯವರಿಗೇ ಗೊತ್ತಾಗುವುದಿಲ್ಲ.

ಹಂತ 8: ವೈಜ್ಞಾನಿಕ ಹೆಸರು

ಮೊದಲ ಸಲ ಪೂರ್ತಿ ಬರೆಯಿರಿ, ಸಿಂಗಳೀಕಕ್ಕೆ ಹೀಗೆ: ‘ಮಕಾಕ ಸೈಲೀನಸ್’. ಎರಡನೇ ಸಲದಿಂದ ಕನ್ನಡದ ಹೆಸರೇ ಸಾಕು. ಇಂಗ್ಲಿಷಿನಂತೆ ವಾಲಿಸಿದ ಅಕ್ಷರ ಕನ್ನಡದ ಬಹುತೇಕ ಫಾಂಟುಗಳಲ್ಲಿ ಕುಡಿದು ನಿಂತಂತೆ ಕಾಣುತ್ತದೆ. ಉದ್ಧರಣ ಚಿಹ್ನೆ ವಾಸಿ.

ಒಂದು ಪ್ಯಾರಾ ರಿಪೇರಿ

ಈ ಥರದ ಸಾಲು ನಾವೆಲ್ಲ ಓದಿರುತ್ತೇವೆ: ‘ಸಿಂಗಳೀಕವು ವಿಶ್ವದ ಅತ್ಯಂತ ಅಳಿವಿನಂಚಿನಲ್ಲಿರುವ ತಳಿಯಾಗಿದ್ದು, ಐಯುಸಿಎನ್ ಇದನ್ನು ಸಂರಕ್ಷಿತ ಪ್ರಾಣಿ ಎಂದು ಘೋಷಿಸಿದೆ.’

‘ಅತ್ಯಂತ’ ತಪ್ಪು, ‘ತಳಿ’ ತಪ್ಪು, ‘ಘೋಷಿಸಿದೆ’ ತಪ್ಪು, ರಕ್ಷಣೆ ಕೊಟ್ಟವರೂ ತಪ್ಪು. ಬಿಚ್ಚಿ ಮತ್ತೆ ಕಟ್ಟಿದರೆ ಹೀಗಾಗುತ್ತದೆ: ‘ಸಿಂಗಳೀಕ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಕೋತಿ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ‘ಅಳಿವಿನಂಚಿನ’ ವರ್ಗದಲ್ಲಿದೆ. ಭಾರತದಲ್ಲಿ ಇದಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರ ರಕ್ಷಣೆ ಇದೆ.’ ಕೆಳಗೆ ಸಣ್ಣದಾಗಿ, ಪಟ್ಟಿ ನೋಡಿದ ತಿಂಗಳು ಮತ್ತು ವರ್ಷ. ಒಂದಿದ್ದ ವಾಕ್ಯ ಮೂರಾಯಿತು. ಬೋರ್ಡಿನಲ್ಲಿ ಜಾಗ ಇಲ್ಲ ಎಂದರೆ ಪ್ರಾಣಿಯ ಚಿತ್ರ ಒಂದು ಇಂಚು ಚಿಕ್ಕದಾಗಲಿ.

ನನ್ನ ಕಾಡುಕೋಣದ ಬೋರ್ಡಿಗೂ ಆಮೇಲೆ ತೇಪೆ ಹಚ್ಚಿದೆವು. ಹೊಸ ಬೋರ್ಡಿಗೆ ದುಡ್ಡಿರಲಿಲ್ಲ. ‘ದುರ್ಬಲ’ದ ಮೇಲೆ ‘ಅಳಿವಿನ ಹಾದಿಯ ವರ್ಗ’ ಎಂಬ ಸ್ಟಿಕ್ಕರ್ ಅಂಟಿಸಿದ್ದಾಯಿತು. ಡ್ರೈವರನ್ನೇ ಕರೆದು ಓದಿಸಿದೆ. ‘ಹಾದಿ ಅಂದ್ರೆ ಸರಿ ಸಾರ್’ ಅಂದರು, ‘ಯಾವಾಗ್ಲೂ ನಮ್ ಹಾದೀಲೇ ನಿಂತಿರುತ್ತೆ.’